ಆಶ್ಲಿ ದಂಡೆಯ ಖಾಲಿ ಮಹಲು

ಅಮೆರಿಕದ ದಕ್ಷಿಣ ರಾಜ್ಯಗಳ ಪ್ಲಾಂಟೇಷನ್ ಮನೆ ಎಂದೊಡನೆ ಕಣ್ಣೆದುರು ಬರುವ ಚಿತ್ರವನ್ನು ಹೆಚ್ಚಾಗಿ ಹಾಲಿವುಡ್ ಕೊಟ್ಟಿದೆ. ಸಾಲು ಓಕ್ ಮರಗಳ ಕೊನೆಗೆ ಎದ್ದು ನಿಂತ ಬಿಳಿಯ ಕಂಬಗಳ ಮನೆ, ಅದರ ಮುಂದೆ ಗೌನು ತೊಟ್ಟ ಹೆಂಗಸರು, ಹಿನ್ನೆಲೆಯಲ್ಲಿ ಎಲ್ಲೋ ಮಸುಕಾಗಿ ಕಾಣುವ ಕಪ್ಪು ಸೇವಕರು: 1939ರ ‘ಗಾನ್ ವಿತ್ ದಿ ವಿಂಡ್’ ಚಿತ್ರ ಗಟ್ಟಿಗೊಳಿಸಿದ ಈ ನೋಟವು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ, ಹತ್ತಿಯ ಹಣ ಉಕ್ಕಿ ಹರಿಯುತ್ತಿದ್ದ ಕಾಲದಲ್ಲಿ, ಗ್ರೀಕ್ ದೇವಾಲಯಗಳ ಮುಂಭಾಗವನ್ನು ಅನುಕರಿಸಿ ಕಟ್ಟಿದ ಮನೆಗಳಿಗೆ ಸೇರಿದ್ದು. ಕರಾವಳಿಯ ಪ್ಲಾಂಟೇಷನ್ ಸಮಾಜವಾದರೋ ಅದಕ್ಕಿಂತ ಸುಮಾರು ನೂರು ವರ್ಷ ಹಿಂದೆಯೇ ನೆಲೆಗೊಂಡಿತ್ತು. ಅದನ್ನು ಬೆಳೆಸಿದ್ದು ಹತ್ತಿಯಲ್ಲ, ಭತ್ತ. ಆ ಹಳೆಯ ಸಮಾಜದ ವಾಸ್ತುವನ್ನು ಇಂದಿಗೂ ಹೆಚ್ಚು ಬದಲಾಗದ ಸ್ಥಿತಿಯಲ್ಲಿ ತೋರಿಸುವ ಮನೆಯೆಂದರೆ ಸೌತ್ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರದ ವಾಯವ್ಯಕ್ಕೆ, ಆಶ್ಲಿ ನದಿಯ ದಂಡೆಯಲ್ಲಿರುವ ಡ್ರೇಟನ್ ಹಾಲ್. ಏಳು ತಲೆಮಾರು ಒಂದೇ ಕುಟುಂಬದ ಕೈಯಲ್ಲಿದ್ದ ಈ ಮನೆಯಲ್ಲಿ ಇಂದು ಒಂದು ಕುರ್ಚಿಯೂ ಇಲ್ಲ. ಅದರ ಕೋಣೆಗಳನ್ನು ಬೇಕೆಂದೇ ಖಾಲಿ ಬಿಡಲಾಗಿದೆ, ಮತ್ತು ಹಾಗೆ ಬಿಟ್ಟದ್ದರಿಂದಲೇ ಅದನ್ನು ಕಟ್ಟಿದ ಕೈಗಳ ವಿಷಯವನ್ನು ಅಲ್ಲಿ ಮಾತನಾಡಲು ಸಾಧ್ಯವಾಗಿದೆ.

ಚಾರ್ಲ್ಸ್‌ಟನ್ ಸುತ್ತಲಿನ ಕರಾವಳಿಯನ್ನು ಅಲ್ಲಿನವರು ಲೋಕಂಟ್ರಿ ಎಂದು ಕರೆಯುತ್ತಾರೆ. ಸಮುದ್ರಮಟ್ಟಕ್ಕಿಂತ ಅಷ್ಟೇನೂ ಎತ್ತರವಿಲ್ಲದ, ಉಬ್ಬರವಿಳಿತದ ನದಿಗಳು ಬಳಸಿ ಹರಿಯುವ, ಜೌಗು ಮತ್ತು ಸೈಪ್ರೆಸ್ ಕಾಡುಗಳಿಂದ ತುಂಬಿದ ನಾಡು ಅದು. 1670ರಲ್ಲಿ ಇಲ್ಲಿ ನೆಲೆನಿಂತ ಇಂಗ್ಲಿಷ್ ವಸಾಹತಿಗೆ ಜನವೂ ಬಂಡವಾಳವೂ ಬಹುಪಾಲು ಬಂದದ್ದು ಕೆರಿಬಿಯನ್ ದ್ವೀಪವಾದ ಬಾರ್ಬಡೋಸ್‌ನಿಂದ. ಆ ಪುಟ್ಟ ದ್ವೀಪದಲ್ಲಿ ಕಬ್ಬಿನ ತೋಟಗಳು ನೆಲವನ್ನೆಲ್ಲ ಆಕ್ರಮಿಸಿದ್ದರಿಂದ ಜಾಗ ಸಾಲದೆ ಹೊರಟ ತೋಟಗಾರರು ತಮ್ಮೊಂದಿಗೆ ಗುಲಾಮರನ್ನೂ ಗುಲಾಮಗಿರಿಯ ಕಾನೂನುಗಳನ್ನೂ ಕಟ್ಟಿಕೊಂಡು ಬಂದರು. ಹಾಗೆ ಬಂದವರಲ್ಲಿ ಡ್ರೇಟನ್ ಕುಟುಂಬವೂ ಒಂದು. ಅವರು ಮೊದಲು ನೆಲೆಯೂರಿದ್ದು ಆಶ್ಲಿ ದಂಡೆಯಲ್ಲೇ ಇರುವ ಮ್ಯಾಗ್ನೋಲಿಯಾ ಎಂಬ ಪ್ಲಾಂಟೇಷನ್‌ನಲ್ಲಿ. ಡ್ರೇಟನ್ ಹಾಲ್ ಕಟ್ಟಿಸಿದ ಜಾನ್ ಡ್ರೇಟನ್ ಅಲ್ಲಿ ಬೆಳೆದವನು.

ಈ ಜೌಗುನೆಲವನ್ನು ಚಿನ್ನವಾಗಿಸಿದ್ದು ಭತ್ತ, ಮತ್ತು ಭತ್ತದ ಕೃಷಿ ಇಂಗ್ಲಿಷರಿಗೆ ಗೊತ್ತಿದ್ದ ವಿದ್ಯೆಯಲ್ಲ. ಇಂದಿನ ಸೆನೆಗಲ್, ಗ್ಯಾಂಬಿಯಾ, ಸಿಯೆರಾ ಲಿಯೋನ್‌ಗಳ ಕಡೆಯ ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಶತಮಾನಗಳಿಂದ ಭತ್ತ ಬೆಳೆಯುತ್ತಿದ್ದ ಜನರನ್ನು ಸೆರೆಹಿಡಿದು, ಮಾರಿ, ಹಡಗಿನಲ್ಲಿ ತುಂಬಿ ತಂದು ಈ ನೆಲದಲ್ಲಿ ದುಡಿಸಲಾಯಿತು. ಕಾಡು ಕಡಿಯುವುದು, ಒಡ್ಡು ಹಾಕುವುದು, ತೂಬು ಕೂರಿಸಿ ನೀರು ನಿಲ್ಲಿಸುವುದು ಮತ್ತು ಬಿಡುವುದು, ಸೊಂಟದವರೆಗಿನ ಕೆಸರಿನಲ್ಲಿ ಕಳೆ ಕೀಳುವುದು ಎಲ್ಲವೂ ಅವರ ಪಾಲಿಗೆ ಬಂತು. ಕೊಯ್ಲಾದ ಮೇಲೆ ಮರದ ಒರಳಿನಲ್ಲಿ ಒನಕೆಯಿಂದ ಭತ್ತ ಕುಟ್ಟಿ, ಹುಲ್ಲಿನ ಸುರುಳಿಗಳನ್ನು ಹೊಲಿದು ಮಾಡಿದ ಅಗಲವಾದ ಮೊರಗಳಲ್ಲಿ ಕೇರಿ ಹೊಟ್ಟು ತೆಗೆಯುತ್ತಿದ್ದರು. ಆ ಹುಲ್ಲಿನ ಬುಟ್ಟಿಯ ಹೆಣಿಗೆಯನ್ನು ಅವರ ವಂಶಸ್ಥರಾದ ಗಲ್ಲಾ ಜನ ಇಂದಿಗೂ ಉಳಿಸಿಕೊಂಡಿದ್ದಾರೆ. ಉತ್ತರ ಅಮೆರಿಕದ ನೆಲಕ್ಕೆ ಗುಲಾಮರಾಗಿ ತರಲಾದ ಆಫ್ರಿಕನ್ನರಲ್ಲಿ ನೂರಕ್ಕೆ ಸುಮಾರು 40 ಮಂದಿ ಚಾರ್ಲ್ಸ್‌ಟನ್ ಬಂದರಿನ ಮೂಲಕವೇ ಬಂದರೆಂಬುದು ಇತಿಹಾಸಕಾರರ ಸಾಮಾನ್ಯ ಅಂದಾಜು. 1740ರ ವೇಳೆಗೆ ಈ ವಸಾಹತಿನ ಜನಸಂಖ್ಯೆಯಲ್ಲಿ ಮೂವರಿಗೆ ಇಬ್ಬರು ಕರಿಯರಾಗಿದ್ದರು.

ಹಾಗಿದ್ದೂ ಡ್ರೇಟನ್ ಹಾಲ್ ಗದ್ದೆಗಳ ನಡುವಿನ ಮನೆಯಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ತಂದೆಯ ಹಿರಿಯ ಮಗನಲ್ಲದ ಕಾರಣ ಪಿತ್ರಾರ್ಜಿತ ಮ್ಯಾಗ್ನೋಲಿಯಾ ಸಿಗದ ಜಾನ್ ಡ್ರೇಟನ್ 1738ರಲ್ಲಿ ಅದರ ಪಕ್ಕದ ಜಮೀನನ್ನು ಕೊಂಡನು. ಕಾಲಕ್ರಮದಲ್ಲಿ ಸಾವಿರಾರು ಎಕರೆಗಳಲ್ಲಿ ಹರಡಿದ ಅನೇಕ ಪ್ಲಾಂಟೇಷನ್‌ಗಳಿಗೆ ಒಡೆಯನಾದ ಅವನ ಭತ್ತ, ನೀಲಿ, ದನಕರುಗಳ ವ್ಯವಹಾರವೆಲ್ಲ ಬೇರೆ ಬೇರೆ ಕಡೆ ನಡೆಯುತ್ತಿತ್ತು. ಆ ಎಲ್ಲದರ ಲೆಕ್ಕಾಚಾರ ಕೂಡುವ, ಅತಿಥಿಗಳು ಇಳಿಯುವ, ಕುಟುಂಬದ ಅಂತಸ್ತನ್ನು ಲೋಕಕ್ಕೆ ತೋರುವ ಕೇಂದ್ರವಾಗಿ ಈ ಮನೆ ಎದ್ದಿತು. ಜಮೀನು ಕೊಂಡ ಮರುವರ್ಷ, 1739ರ ಸೆಪ್ಟೆಂಬರ್ 9ರ ಭಾನುವಾರ, ಅಷ್ಟೇನೂ ದೂರವಿಲ್ಲದ ಸ್ಟೋನೊ ನದಿಯ ಬಳಿ ಸುಮಾರು 20 ಗುಲಾಮರು ಒಟ್ಟುಗೂಡಿ ಬಂದೂಕಿನ ಅಂಗಡಿಯನ್ನು ವಶಪಡಿಸಿಕೊಂಡು, ಸ್ಪೇನಿನವರ ಅಧೀನದಲ್ಲಿದ್ದ ಫ್ಲಾರಿಡಾದತ್ತ ಹೊರಟರು. ಅಲ್ಲಿಗೆ ತಲುಪಿದವರಿಗೆ ಬಿಡುಗಡೆಯ ಆಶ್ವಾಸನೆಯಿತ್ತು. ದಾರಿಯಲ್ಲಿ ಇನ್ನಷ್ಟು ಜನ ಸೇರಿಕೊಂಡರೂ ಅಂದೇ ವಸಾಹತಿನ ಪಡೆ ಅವರನ್ನು ಅಡ್ಡಗಟ್ಟಿ ದಂಗೆಯನ್ನು ಹತ್ತಿಕ್ಕಿತು. ಬೆದರಿದ ವಸಾಹತು ಸರ್ಕಾರ 1740ರಲ್ಲಿ ತಂದ ಕಾನೂನು ಗುಲಾಮರು ಗುಂಪುಗೂಡುವುದನ್ನೂ, ಬರೆಯಲು ಕಲಿಯುವುದನ್ನೂ, ತಮಗಾಗಿ ದುಡಿದು ಸಂಪಾದಿಸುವುದನ್ನೂ ನಿಷೇಧಿಸಿತು. ಅಮೆರಿಕದ ಅತ್ಯಂತ ಸಮತೋಲನದ, ಅತ್ಯಂತ ಶಾಂತವಾಗಿ ತೋರುವ ಮನೆಯೊಂದನ್ನು ಕಲ್ಪಿಸಿದ ವರ್ಷಗಳು ಇವೇ ಎಂಬುದನ್ನು ಮರೆತರೆ ಅದರ ಸಮತೋಲನ ಅರ್ಥವಾಗುವುದಿಲ್ಲ.

ಮನೆ ಯಾವಾಗ ಮುಗಿಯಿತೆಂಬುದಕ್ಕೆ ಬಹುಕಾಲ ಕುಟುಂಬದ ಹೇಳಿಕೆಯೇ ಆಧಾರವಾಗಿತ್ತು. ಅದರಂತೆ 1738ರಲ್ಲಿ ಆರಂಭವಾದ ಕೆಲಸ 1742ಕ್ಕೆ ಪೂರ್ಣಗೊಂಡಿತ್ತು. ಆಮೇಲೆ ಅಟ್ಟದ ತೊಲೆಗಳನ್ನು ವೃಕ್ಷವಲಯ ಕಾಲನಿರ್ಣಯಕ್ಕೆ ಒಳಪಡಿಸಲಾಯಿತು. ಮರ ವರ್ಷಕ್ಕೊಂದು ಉಂಗುರ ಬೆಳೆಯುತ್ತದೆ, ಮಳೆ ಹೆಚ್ಚಿದ ವರ್ಷ ಅಗಲವಾಗಿಯೂ ಬರ ಬಂದ ವರ್ಷ ಕಿರಿದಾಗಿಯೂ ಬೆಳೆಯುತ್ತದೆ. ಆದ್ದರಿಂದ ಒಂದು ಪ್ರದೇಶದ ಮರಗಳಲ್ಲೆಲ್ಲ ಅಗಲ–ಕಿರಿದುಗಳ ಒಂದೇ ಅನುಕ್ರಮ ಮೂಡುತ್ತದೆ. ಕಾಲ ಗೊತ್ತಿರುವ ಮರಗಳ ಅನುಕ್ರಮದೊಂದಿಗೆ ತೊಲೆಯ ಅನುಕ್ರಮವನ್ನು ಹೊಂದಿಸಿ ನೋಡಿದರೆ ಆ ಮರವನ್ನು ಕಡಿದ ವರ್ಷ ಸಿಗುತ್ತದೆ. ಡ್ರೇಟನ್ ಹಾಲಿನ ಅಟ್ಟದ ಮರಗಳನ್ನು ಕಡಿದದ್ದು 1747–48ರ ಚಳಿಗಾಲದಲ್ಲಿ. ಅಂದರೆ ಮನೆ ವಾಸಕ್ಕೆ ಸಿದ್ಧವಾದದ್ದು 1750ರ ದಶಕದ ಆರಂಭದಲ್ಲಿ. ಕುಟುಂಬದ ನೆನಪಿಗಿಂತ ಸುಮಾರು ಹತ್ತು ವರ್ಷ ತಡವಾಗಿ. ಹತ್ತು ವರ್ಷದ ಈ ವ್ಯತ್ಯಾಸ ಸಣ್ಣದಲ್ಲ. ಇಷ್ಟು ದೊಡ್ಡ ಇಟ್ಟಿಗೆ ಕಟ್ಟಡಕ್ಕೆ ಬೇಕಾದ ದುಡಿಮೆ ಎಷ್ಟು ದೀರ್ಘವಾಗಿತ್ತು, ಎಷ್ಟು ಜನ ಎಷ್ಟು ಋತುಗಳನ್ನು ಇಲ್ಲಿ ಸವೆಸಿದರು ಎಂಬುದರ ಅಳತೆ ಅದು.

ಮನೆಯ ರೂಪದ ಮೂಲ ಇಟಲಿಯಲ್ಲಿದೆ. ಹದಿನಾರನೆಯ ಶತಮಾನದಲ್ಲಿ ವಿಚೆನ್ಸಾ ನಗರದಲ್ಲಿದ್ದ ಆಂಡ್ರಿಯಾ ಪಲ್ಲಾಡಿಯೊ ಎಂಬ ವಾಸ್ತುಶಿಲ್ಪಿ ಪ್ರಾಚೀನ ರೋಮನ್ ಕಟ್ಟಡಗಳನ್ನು ಅಳೆದು, ಅವುಗಳ ಪ್ರಮಾಣ ಮತ್ತು ಕಂಬಗಳ ನಿಯಮಗಳನ್ನು ತನ್ನ ಕಾಲದ ವಾಸದ ಮನೆಗಳಿಗೆ ಅಳವಡಿಸಿದನು. 1570ರಲ್ಲಿ ಪ್ರಕಟವಾದ ಅವನ ವಾಸ್ತುಶಿಲ್ಪದ ನಾಲ್ಕು ಸಂಪುಟಗಳು ಯುರೋಪಿನಾದ್ಯಂತ ಹರಡಿ, ಹದಿನೆಂಟನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಶ್ರೀಮಂತರಿಗೆ ಅಚ್ಚುಮೆಚ್ಚಾದವು. ನಡುವಿನ ಅಕ್ಷರೇಖೆಯ ಎರಡೂ ಕಡೆ ಸಮಸಮವಾಗಿ ಹರಡುವ ಕೋಣೆಗಳು, ಮುಂದೆ ತ್ರಿಕೋನ ಶಿಖರ ಹೊತ್ತ ಕಂಬಸಾಲು, ಅಳತೆಗಳಲ್ಲಿ ಸರಳ ಅನುಪಾತ ಇವು ಆ ಶೈಲಿಯ ಗುರುತು. ಪಲ್ಲಾಡಿಯೊನ ವಿಲ್ಲಾಗಳು ಬರೀ ವಿಶ್ರಾಂತಿಯ ಅರಮನೆಗಳಾಗಿರಲಿಲ್ಲ ಎಂಬ ಸಂಗತಿ ಇಲ್ಲಿ ಮುಖ್ಯ. ಸಮುದ್ರ ವ್ಯಾಪಾರದಿಂದ ಗಳಿಸಿದ ಹಣವನ್ನು ವೆನಿಸ್‌ನ ಕುಟುಂಬಗಳು ಒಳನಾಡಿನ ಜಮೀನಿನಲ್ಲಿ ತೊಡಗಿಸಿ, ಜೌಗು ಬಸಿದು ಬೇಸಾಯಕ್ಕಿಳಿದಾಗ, ಆ ಜಮೀನುಗಳ ಮೇಲುಸ್ತುವಾರಿಯ ಮನೆಗಳಾಗಿ ಅವು ಹುಟ್ಟಿದ್ದವು. ಹೊಲದ ನಡುವೆ ನಿಂತು ಒಡೆತನವನ್ನು ಸಾರುವ ಕಟ್ಟಡವಾಗಿಯೇ ರೂಪುಗೊಂಡಿದ್ದ ಆ ಮಾದರಿ ಕೆರೊಲಿನಾದ ಭತ್ತದ ಒಡೆಯರಿಗೆ ಹೇಳಿ ಮಾಡಿಸಿದಂತೆ ಒಪ್ಪಿತು. ಇಟಲಿಯ ಹೊಲಗಳಲ್ಲಿ ದುಡಿದವರು ಬಡ ರೈತರು. ಆಶ್ಲಿ ದಂಡೆಯಲ್ಲಿ ದುಡಿದವರು ಕಾನೂನಿನ ಕಣ್ಣಿನಲ್ಲಿ ಆಸ್ತಿಯಾಗಿದ್ದ ಮನುಷ್ಯರು. ಮಾದರಿ ಸಾಗರ ದಾಟಿದಾಗ ಆದ ದೊಡ್ಡ ಬದಲಾವಣೆ ಇದೇ, ಮತ್ತು ಯಾವ ನಕ್ಷೆಯಲ್ಲೂ ಅದು ಕಾಣುವುದಿಲ್ಲ.

ರಸ್ತೆಯ ಕಡೆಯಿಂದ ನೋಡಿದರೆ ಡ್ರೇಟನ್ ಹಾಲ್ ಎತ್ತರದ ನೆಲಮಾಳಿಗೆಯ ಮೇಲೆ ನಿಂತ ಎರಡು ಅಂತಸ್ತಿನ ಕೆಂಪು ಇಟ್ಟಿಗೆಯ ಘನ. ಅದರ ನಡುವೆ ಎರಡು ಅಂತಸ್ತಿಗೂ ಚಾಚಿದ ಮುಖಮಂಟಪವೇ ಈ ಮನೆಯ ಹೆಗ್ಗುರುತು. ಕೆಳಗಿನ ಕಂಬಗಳು ಡೋರಿಕ್, ಅಂದರೆ ಅಲಂಕಾರವಿಲ್ಲದ ಗಟ್ಟಿಮುಟ್ಟಾದ ಬಗೆ. ಮೇಲಿನವು ಅಯಾನಿಕ್, ಬೋದಿಗೆಯಲ್ಲಿ ಸುರುಳಿಗಳಿರುವ ತೆಳುವಾದ ಬಗೆ. ಭಾರವಾದದ್ದು ಕೆಳಗೆ, ಹಗುರವಾದದ್ದು ಮೇಲೆ ಎಂಬ ರೋಮನ್ ಕ್ರಮವನ್ನೇ ಇಲ್ಲಿ ಪಾಲಿಸಲಾಗಿದೆ. ಪಲ್ಲಾಡಿಯೊ 1550ರ ದಶಕದಲ್ಲಿ ಪಿಯೊಂಬಿನೊ ದೇಸೆ ಎಂಬ ಊರಿನಲ್ಲಿ ಕಟ್ಟಿದ ವಿಲ್ಲಾ ಕೊರ್ನಾರೊದಲ್ಲಿ ಇಂಥ ಎರಡಂತಸ್ತಿನ ಮಂಟಪವಿದೆ, ಮೊಂತಾನ್ಯಾನದ ವಿಲ್ಲಾ ಪಿಸಾನಿಯಲ್ಲೂ ಇದೆ. ಡ್ರೇಟನ್ ಹಾಲಿನ ಮಂಟಪ ಮಾತ್ರ ಅರ್ಧ ಮನೆಯೊಳಕ್ಕೆ ಸರಿದು, ಅರ್ಧ ಹೊರಕ್ಕೆ ಚಾಚಿಕೊಂಡಿದೆ. ಹೊರಚಾಚಿದ ಭಾಗ ದೂರದಿಂದ ಬರುವವನಿಗೆ ಗಾಂಭೀರ್ಯ ತೋರಿದರೆ ಒಳಸರಿದ ಭಾಗ ಆಳವಾದ ನೆರಳನ್ನು ಹಿಡಿದಿಡುತ್ತದೆ. ಒಂದೇ ಅಂಗ ಪ್ರದರ್ಶನಕ್ಕೂ ಉಪಯೋಗಕ್ಕೂ ಒದಗಿದ ಈ ಜಾಣ್ಮೆ ಇಡೀ ಕಟ್ಟಡದಲ್ಲಿ ಅತ್ಯಂತ ಮೆಚ್ಚತಕ್ಕದ್ದು. ಅಮೆರಿಕದಲ್ಲಿ ಪಲ್ಲಾಡಿಯೊ ಶೈಲಿಯನ್ನು ಪೂರ್ಣಪ್ರಮಾಣದಲ್ಲಿ ಅರಗಿಸಿಕೊಂಡ ಮೊದಮೊದಲ ಮನೆಗಳ ಸಾಲಿನಲ್ಲಿ ವಿದ್ವಾಂಸರು ಇದನ್ನು ಇಡುವುದು ಹೆಚ್ಚಾಗಿ ಈ ಮಂಟಪದಿಂದಲೇ.

ಒಳಗೆ ಕಾಲಿಟ್ಟರೆ ನೇರ ದೊಡ್ಡ ಹಜಾರ. ಗೋಡೆಗಳಿಗೆಲ್ಲ ಮರದ ಹಲಗೆಯ ಹೊದಿಕೆ, ಚೌಕಟ್ಟುಗಳಿಗೆ ಅರೆಗಂಬಗಳು. ಅಗ್ಗಿಷ್ಟಿಕೆಯ ಮೇಲಿನ ಕೆತ್ತನೆಯ ಮರದ ಚೌಕಟ್ಟು ವಿಲಿಯಂ ಕೆಂಟ್ 1727ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ, ಇಂಗ್ಲಿಷ್ ವಾಸ್ತುಶಿಲ್ಪಿ ಇನಿಗೊ ಜೋನ್ಸ್‌ನ ವಿನ್ಯಾಸಗಳ ಗ್ರಂಥದಿಂದ ಬಂದದ್ದು. ಸಾಗರದಾಚೆಯಿಂದ ಬಂದ ಪುಸ್ತಕದ ಒಂದು ಚಪ್ಪಟೆ ಚಿತ್ರವನ್ನು ಕೆರೊಲಿನಾದ ಕುಶಲಕರ್ಮಿಯೊಬ್ಬ ಉಳಿ ಹಿಡಿದು ಮರದಲ್ಲಿ ಉಬ್ಬಿಸಿದ್ದಾನೆ. ಎಲೆಯ ಸುರುಳಿ ಎಷ್ಟು ಮುಂದೆ ಬರಬೇಕು, ಅದರ ನೆರಳು ಎಲ್ಲಿ ಬೀಳಬೇಕು ಎಂಬುದನ್ನೆಲ್ಲ ಚಿತ್ರ ಹೇಳುವುದಿಲ್ಲ, ಅದನ್ನು ಕೈಯೇ ತೀರ್ಮಾನಿಸಬೇಕು. ಪಕ್ಕದ ಬೈಠಕ್ ಕೋಣೆಯ ಗಾರೆಯ ಮಾಳಿಗೆ ಇನ್ನೂ ಅಪರೂಪದ್ದು. ಆ ಕಾಲದ ಅನೇಕ ಅಲಂಕೃತ ಮಾಳಿಗೆಗಳನ್ನು ಅಚ್ಚಿನಲ್ಲಿ ಎರಕ ಹೊಯ್ದು ಅಂಟಿಸುತ್ತಿದ್ದರೆ ಇದನ್ನು ಹಸಿ ಗಾರೆ ಒಣಗುವ ಮುನ್ನ ಕೈಯಿಂದಲೇ ಕಡೆದು ರೂಪಿಸಲಾಗಿದೆ. ತಲೆಯೆತ್ತಿ, ತೋಳು ಚಾಚಿ, ಗಾರೆ ಗಟ್ಟಿಯಾಗುವುದರೊಳಗೆ ಹೂವು ಮುಗಿಸಬೇಕಾದ ಕೆಲಸ ಅದು, ತಪ್ಪಿದರೆ ತಿದ್ದಲು ಅವಕಾಶವಿಲ್ಲ. ನದಿಯ ಕಡೆಯ ಮೆಟ್ಟಿಲ ಹಜಾರದಲ್ಲಿ ಎರಡು ಕವಲಾಗಿ ಏರುವ ಮೆಟ್ಟಿಲುಗಳಿಗೆ ಮಹಾಗನಿ ಮರದ ಕೆತ್ತನೆಯಿದೆ. ಮನೆಯ ವಿನ್ಯಾಸಕ್ಕೆ ವಾಸ್ತುಶಿಲ್ಪಿಯೆಂದು ಯಾರ ಹೆಸರೂ ದಾಖಲಾಗಿಲ್ಲ. ಪುಸ್ತಕಗಳನ್ನು ಮುಂದಿಟ್ಟುಕೊಂಡು ಮನೆಯೊಡೆಯನೂ ಕಟ್ಟುವವರೂ ಕೂಡಿ ನಿರ್ಧರಿಸುತ್ತಿದ್ದದ್ದು ಆ ಕಾಲದ ವಾಡಿಕೆ.

ಉಷ್ಣ, ತೇವ, ಸೊಳ್ಳೆ ಈ ಮೂರರ ನಾಡಿನಲ್ಲಿ ಇಟಲಿಯ ಮಾದರಿ ತನ್ನಷ್ಟಕ್ಕೇ ಬಾಳಲಾರದು. ನೆಲಮಾಳಿಗೆ ಎತ್ತರವಾದದ್ದರಿಂದ ವಾಸದ ಅಂತಸ್ತು ಜೌಗಿನ ತೇವದಿಂದ ಮೇಲೆದ್ದು ಗಾಳಿಗೆ ಸಿಕ್ಕಿತು. ರಸ್ತೆಯ ಕಡೆಯ ಬಾಗಿಲೂ ನದಿಯ ಕಡೆಯ ಬಾಗಿಲೂ ಒಂದೇ ನೇರದಲ್ಲಿರುವುದರಿಂದ ಗಾಳಿ ಮನೆಯನ್ನು ಹಾದು ಹೋಗುತ್ತದೆ. ಎತ್ತರದ ಮಾಳಿಗೆ ಬಿಸಿಗಾಳಿಯನ್ನು ತಲೆಯ ಮೇಲೆ ನಿಲ್ಲಿಸುತ್ತದೆ. ಇಷ್ಟೆಲ್ಲ ಇದ್ದೂ ಬೇಸಿಗೆಯಲ್ಲಿ ಮಲೇರಿಯಾಕ್ಕೆ ಹೆದರಿ ಲೋಕಂಟ್ರಿಯ ಒಡೆಯರು ಚಾರ್ಲ್ಸ್‌ಟನ್ನಿಗೋ ಇನ್ನೂ ಉತ್ತರಕ್ಕೋ ಹೊರಟುಬಿಡುತ್ತಿದ್ದರು. ಹೊಲದಲ್ಲಿ ಉಳಿಯುತ್ತಿದ್ದವರು ಹೋಗಲು ಸ್ವಾತಂತ್ರ್ಯವಿಲ್ಲದವರು.

ಕಟ್ಟಡ ಸಾಮಗ್ರಿಯಲ್ಲೂ ಕರಾವಳಿಯ ಗುಣವಿದೆ. ಇಲ್ಲಿ ಕಲ್ಲಿಲ್ಲ, ಸುಣ್ಣದ ಕಲ್ಲೂ ಇಲ್ಲ; ಆದರೆ ನದಿಮುಖಗಳಲ್ಲಿ ಸಿಂಪಿಯ ಚಿಪ್ಪಿನ ದಿಬ್ಬಗಳಿದ್ದವು, ಎಷ್ಟೋ ಶತಮಾನ ಮೂಲನಿವಾಸಿಗಳು ತಿಂದು ಎಸೆದ ಚಿಪ್ಪುಗಳು ಅವು. ಅವನ್ನು ಸುಟ್ಟು ಸುಣ್ಣ ಮಾಡಿ ಗಾರೆ ಕಲಸುವುದು ಕೆರೊಲಿನಾದ ಪದ್ಧತಿಯಾಯಿತು. ಉಡುಪಿ, ಮಂಗಳೂರುಗಳ ಕಡೆ ನದಿಯ ಕಪ್ಪೆಚಿಪ್ಪನ್ನು ಗೂಡಿನಲ್ಲಿ ಸುಟ್ಟು ಗೋಡೆಗೂ ಎಲೆಯಡಿಕೆಗೂ ಸುಣ್ಣ ಮಾಡುತ್ತಿದ್ದವರಿಗೆ ಈ ವಿದ್ಯೆಯಲ್ಲಿ ಹೊಸದೇನೂ ಕಾಣದು. ಇಟ್ಟಿಗೆಯ ಮಣ್ಣು ನದಿಯ ದಂಡೆಯಲ್ಲೇ ಸಿಗುತ್ತಿತ್ತು. ಮಣ್ಣು ತುಳಿಯುವುದು, ಮರದ ಅಚ್ಚಿಗೆ ತುಂಬುವುದು, ಬಿಸಿಲಿಗೆ ಹರಡುವುದು, ತಿರುವಿ ಹಾಕುವುದು, ಗೂಡು ಕಟ್ಟಿ ಸುಡುವುದು ಇವೆಲ್ಲ ಗುಲಾಮರ ಕೆಲಸ, ಅವುಗಳಲ್ಲಿ ಮಕ್ಕಳ ಪಾಲೂ ಇತ್ತು. ಚಾರ್ಲ್ಸ್‌ಟನ್ ಸುತ್ತಲಿನ ಹಳೆಯ ಕಟ್ಟಡಗಳ ಇಟ್ಟಿಗೆಗಳಲ್ಲಿ ಅಲ್ಲಲ್ಲಿ ಬೆರಳುಗಳ ಗುರುತು ಉಳಿದಿದೆ. ಹಸಿ ಇಟ್ಟಿಗೆಯನ್ನು ತಿರುವುವಾಗ ಒತ್ತಿದ ಬೆರಳುಗಳು ಅವು, ಕೆಲವಂತೂ ತೀರ ಸಣ್ಣವು. ಬಡಗಿ, ಗಾರೆಕೆಲಸದವ, ಕಮ್ಮಾರ ಎಂದು ನುರಿತ ಗುಲಾಮರನ್ನು ಹೆಸರಿಸಿ ಮಾರಾಟಕ್ಕೋ ಬಾಡಿಗೆಗೋ ಒಡ್ಡುವ ಜಾಹೀರಾತುಗಳು ಆ ಕಾಲದ ಚಾರ್ಲ್ಸ್‌ಟನ್ ಪತ್ರಿಕೆಗಳ ತುಂಬ ಇದ್ದವು. ಆದುದರಿಂದ ಈ ಮನೆಯ ಸೊಬಗನ್ನು ಡ್ರೇಟನ್ನರ ಅಭಿರುಚಿಯ ಖಾತೆಗೆ ಮಾತ್ರ ಬರೆಯುವುದು ಸುಳ್ಳು ಲೆಕ್ಕ. ಅಭಿರುಚಿ ಅವರದಾಗಿದ್ದಿರಬಹುದು, ಕೌಶಲ ಬೇರೆಯವರದು.

ಮನೆಯ ಒಳಗಿನ ಓಡಾಟದ ವ್ಯವಸ್ಥೆ ಈ ವಿಭಜನೆಯನ್ನು ಗೋಡೆಯಲ್ಲೇ ಬರೆದಿಟ್ಟಿದೆ. ಅತಿಥಿಗಳಿಗೆ ಮಹಾಗನಿಯ ಮೆಟ್ಟಿಲು. ಸೇವೆಗೆ ನಿಂತವರಿಗೆ ನೆಲಮಾಳಿಗೆಯಿಂದ ಮೇಲಕ್ಕೆ ಗೋಡೆಯ ಮರೆಯಲ್ಲಿ ಏರುವ ಕಿರಿದಾದ, ಕಡಿದಾದ ಬೇರೆ ಮೆಟ್ಟಿಲು. ಕೈಯಲ್ಲಿ ನೀರಿನ ಪಾತ್ರೆಯೋ ಬೂದಿಯ ಬುಟ್ಟಿಯೋ ಮಲದ ಪಾತ್ರೆಯೋ ಹಿಡಿದು ದಿನಕ್ಕೆ ಹತ್ತಾರು ಬಾರಿ ಹತ್ತಿಳಿಯುವವರು ಹಜಾರದಲ್ಲಿ ಕಣ್ಣಿಗೆ ಬೀಳಬಾರದು, ಆದರೆ ಕರೆದ ಕ್ಷಣ ಎದುರಿಗಿರಬೇಕು: ಪಲ್ಲಾಡಿಯೊ ಶೈಲಿಯ ಅಚ್ಚುಕಟ್ಟಾದ ಸಮಸ್ಥಿತಿ ಇಲ್ಲಿ ಸಾಧ್ಯವಾದದ್ದು ಈ ಮರೆಯ ದಾರಿಯ ಬಲದಿಂದ. ಮನೆಯ ಎರಡು ಪಕ್ಕಗಳಲ್ಲಿ ಬೇರೆ ಕಟ್ಟಡಗಳೂ ಇದ್ದವು. ಸ್ವಿಟ್ಜರ್ಲೆಂಡ್ ಮೂಲದ ಕಲಾವಿದ ಪಿಯರ್ ಯುಜೀನ್ ದು ಸಿಮಿತಿಯೇರ್ 1765ರಲ್ಲಿ ಬರೆದ ಜಲವರ್ಣ ಚಿತ್ರದಲ್ಲಿ ನಡುವಿನ ಮಹಲಿಗೆ ಇಕ್ಕೆಲದಲ್ಲೂ ಜೋಡಿಯಾಗಿ ನಿಂತ ಆ ಕಟ್ಟಡಗಳು ಕಾಣುತ್ತವೆ. ಇಂದು ಒಂಟಿಯಾಗಿ ಕಾಣುವ ಮನೆ ಅಂದು ರೆಕ್ಕೆ ಬಿಚ್ಚಿದ ಒಂದು ಸಮೂಹದ ನಡುಭಾಗವಾಗಿತ್ತು.

ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಈ ಮನೆ ಎರಡೂ ಪಕ್ಷಗಳನ್ನು ಕಂಡಿತು. ಜಾನ್ ಡ್ರೇಟನ್ನನ ಮಗ ವಿಲಿಯಂ ಹೆನ್ರಿ ಡ್ರೇಟನ್ ಸೌತ್ ಕೆರೊಲಿನಾದ ಮುಖ್ಯ ನ್ಯಾಯಾಧೀಶನಾಗಿ, ಅನಂತರ ಕಾಂಟಿನೆಂಟಲ್ ಕಾಂಗ್ರೆಸ್ಸಿನ ಪ್ರತಿನಿಧಿಯಾಗಿ ಬ್ರಿಟಿಷ್ ದೊರೆತನದ ವಿರುದ್ಧ ಗಟ್ಟಿಯಾಗಿ ಮಾತನಾಡಿದವನು. ಅವನು ಬೇಡಿದ ಸ್ವಾತಂತ್ರ್ಯ ಅವನ ಮನೆತನದ ಗುಲಾಮರವರೆಗೆ ಬರಲಿಲ್ಲ. ಅವನೂ ಅವನ ತಂದೆಯೂ 1779ರಲ್ಲಿ ತೀರಿಕೊಂಡರು. ಮರುವರ್ಷ ಮಾರ್ಚ್ ತಿಂಗಳ ಕೊನೆಗೆ ಜನರಲ್ ಹೆನ್ರಿ ಕ್ಲಿಂಟನ್ನನ ಬ್ರಿಟಿಷ್ ಸೈನ್ಯ ಡ್ರೇಟನ್ ಹಾಲಿನ ಬಳಿಯೇ ಆಶ್ಲಿ ನದಿಯನ್ನು ದಾಟಿ ಚಾರ್ಲ್ಸ್‌ಟನ್ನಿಗೆ ಮುತ್ತಿಗೆ ಹಾಕಿತು, ಮೇ 12ರಂದು ನಗರ ಶರಣಾಯಿತು. ಆ ದಂಡಯಾತ್ರೆಯಲ್ಲಿ ಕ್ಲಿಂಟನ್ನನಿಗೆ ಎರಡನೆಯವನಾಗಿದ್ದವನು ಕಾರ್ನ್‌ವಾಲಿಸ್. ಮುಂದಿನ ವರ್ಷ ಯಾರ್ಕ್‌ಟೌನಿನಲ್ಲಿ ಶರಣಾಗಿ ಅಮೆರಿಕವನ್ನು ಕಳೆದುಕೊಂಡ ಅದೇ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪು ಸುಲ್ತಾನನ ಅರ್ಧ ರಾಜ್ಯವನ್ನೂ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿಯೂ ಪಡೆದನು. ಕನ್ನಡ ನಾಡಿನ ಚರಿತ್ರೆ ಬಲ್ಲವರಿಗೆ ಕಹಿಯಾಗಿ ಪರಿಚಿತನಾದ ಈ ಸೇನಾನಿ ಆಶ್ಲಿ ನದಿಯ ದಂಡೆಯಲ್ಲೂ ಸಿಗುತ್ತಾನೆ. ಒಂದು ಸಾಮ್ರಾಜ್ಯ ಒಂದು ಕರಾವಳಿಯಲ್ಲಿ ಕಳೆದದ್ದನ್ನು ಇನ್ನೊಂದು ಖಂಡದಲ್ಲಿ ಹೇಗೆ ತುಂಬಿಕೊಂಡಿತೆಂಬುದಕ್ಕೆ ಅವನ ವೃತ್ತಾಂತಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ನೀಲಿಯ ಕಥೆಯೂ ಹೀಗೆಯೇ. 1740ರ ದಶಕದಲ್ಲಿ ಎಲಿಜಾ ಲೂಕಸ್ ಎಂಬ ಯುವತಿ ತನ್ನ ತಂದೆಯ ಪ್ಲಾಂಟೇಷನ್ನಿನಲ್ಲಿ ಬೆಳೆಸಿ ಯಶಸ್ವಿಯಾದ ನೀಲಿ ಬ್ರಿಟನ್ನಿನ ಸಹಾಯಧನದಿಂದ ಕೆರೊಲಿನಾದ ಎರಡನೆಯ ದೊಡ್ಡ ಬೆಳೆಯಾಗಿತ್ತು. ಸ್ವಾತಂತ್ರ್ಯದೊಂದಿಗೆ ಸಹಾಯಧನ ನಿಂತಿತು, ಈಸ್ಟ್ ಇಂಡಿಯಾ ಕಂಪನಿ ಬಂಗಾಳದ ರೈತರ ಮೇಲೆ ನೀಲಿಯನ್ನು ಹೇರಿತು.

ಅಂತರ್ಯುದ್ಧದ ಕೊನೆಯಲ್ಲಿ, 1865ರ ಫೆಬ್ರವರಿಯಲ್ಲಿ, ಚಾರ್ಲ್ಸ್‌ಟನ್ ಉತ್ತರದ ಸೇನೆಯ ವಶವಾಯಿತು. ಆಶ್ಲಿ ದಂಡೆಯ ಮಿಡ್ಲ್‌ಟನ್ ಪ್ಲೇಸ್, ಮ್ಯಾಗ್ನೋಲಿಯಾ ಮುಂತಾದ ದೊಡ್ಡ ಮನೆಗಳು ಬೆಂಕಿಗೆ ಆಹುತಿಯಾದವು. ಡ್ರೇಟನ್ ಹಾಲ್ ಉಳಿಯಿತು. ಮನೆಯನ್ನು ಸಿಡುಬಿನ ಆಸ್ಪತ್ರೆಯೆಂದು ತೋರಿಸಿ ಸೈನಿಕರನ್ನು ಹಿಮ್ಮೆಟ್ಟಿಸಲಾಯಿತೆಂಬ ಕಥೆ ಅದರ ಸುತ್ತ ಬೆಳೆದಿದೆ, ಕಥೆಯಾಗಿಯೇ ಅದನ್ನು ಕೇಳಬೇಕು. ಯುದ್ಧದ ಬಳಿಕ ಗುಲಾಮಗಿರಿ ಹೋಯಿತು, ಅದರೊಂದಿಗೆ ಭತ್ತದ ಸಂಪತ್ತೂ ಕುಸಿಯಿತು. ಮನೆಗೆ ಮತ್ತೆ ಹಣ ತಂದದ್ದು ನೆಲದಡಿಯ ಫಾಸ್ಫೇಟ್ ಖನಿಜ, ಅಂದರೆ ರಸಗೊಬ್ಬರದ ಕಚ್ಚಾವಸ್ತು. ಆಶ್ಲಿ ಕಣಿವೆಯಲ್ಲಿ 1860ರ ದಶಕದ ಕೊನೆಗೆ ಆರಂಭವಾದ ಈ ಗಣಿಗಾರಿಕೆ ಡ್ರೇಟನ್ನರ ಜಮೀನಿನಲ್ಲೂ ನಡೆಯಿತು. ಬಿಡುಗಡೆಯಾದವರೂ ಅವರ ಮಕ್ಕಳೂ ಈಗ ಕೂಲಿಗೆ ಅದೇ ನೆಲವನ್ನು ಅಗೆದರು. 1880ರ ದಶಕದಲ್ಲಿ ಮನೆಯ ಒಳಗೋಡೆಗಳಿಗೆ ಬಣ್ಣ ಬಳಿದದ್ದೇ ಕೊನೆ. 1886ರ ಆಗಸ್ಟ್ 31ರ ಭಾರೀ ಭೂಕಂಪ ಒಂದು ಪಕ್ಕದ ಕಟ್ಟಡವನ್ನು ಕೆಡವಿತು, 1893ರ ಚಂಡಮಾರುತ ಇನ್ನೊಂದನ್ನು ಕೊಂಡೊಯ್ದಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ಮನೆಗೆ ವಿದ್ಯುತ್ ಬರಲಿಲ್ಲ, ಕೊಳಾಯಿ ಬರಲಿಲ್ಲ. 1969ರಲ್ಲಿ ತೀರಿಕೊಂಡ ಚಾರ್ಲೋಟಾ ಡ್ರೇಟನ್ ವರ್ಷದ ಕೆಲವು ಕಾಲ ಇಲ್ಲಿ ದೀಪದ ಬೆಳಕಿನಲ್ಲೇ ವಾಸಿಸುತ್ತ, ಮನೆ ಇದ್ದಂತೆಯೇ ಇರಬೇಕೆಂದು ಬಯಸಿದ್ದರು. ಒಂದು ಬಾಗಿಲ ಚೌಕಟ್ಟಿನ ಮೇಲೆ ಕುಟುಂಬದ ಮಕ್ಕಳ ಎತ್ತರವನ್ನು ತಲೆಮಾರುಗಳ ಕಾಲ ಗೆರೆ ಎಳೆದು ಗುರುತಿಸಿದ್ದು ಇಂದಿಗೂ ಅಳಿಸಿಲ್ಲ. ಸಾಕಿದ ನಾಯಿಯ ಎತ್ತರವೂ ಅದರಲ್ಲಿದೆ. 1974ರಲ್ಲಿ ಏಳನೆಯ ತಲೆಮಾರಿನವರು ಮನೆಯನ್ನು ನ್ಯಾಷನಲ್ ಟ್ರಸ್ಟ್ ಫಾರ್ ಹಿಸ್ಟಾರಿಕ್ ಪ್ರಿಸರ್ವೇಷನ್ ಎಂಬ ಸಂಸ್ಥೆಗೆ ಒಪ್ಪಿಸಿದಾಗ ದೊಡ್ಡದೊಂದು ಪ್ರಶ್ನೆ ಎದ್ದಿತು. ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನಲ್ಲಿ 1920ರ ದಶಕದಿಂದ ಬೆಳೆದ ಮಾದರಿಯಂತೆ ಹಳೆಯ ಮನೆಯೆಂದರೆ ಒಂದು ಆಯ್ದ ಕಾಲಕ್ಕೆ ಹಿಂದಿರುಗಿಸಿ, ಬಣ್ಣ ಬಳಿದು, ಪೀಠೋಪಕರಣ ಜೋಡಿಸಿ ತೋರಿಸುವುದು ರೂಢಿಯಾಗಿತ್ತು. ಡ್ರೇಟನ್ ಹಾಲಿನಲ್ಲಿ ಅದನ್ನು ಕೈಬಿಡಲಾಯಿತು. ಬೀಳುವುದನ್ನು ತಡೆಯುವುದು, ಇದ್ದದ್ದನ್ನು ಹಾಗೆಯೇ ಕಾಯುವುದು, ಹೊಸದನ್ನು ಸೇರಿಸದಿರುವುದು ಅಲ್ಲಿನ ನಿಯಮವಾಯಿತು.

ಈ ನಿರ್ಧಾರ ಸರಿಯಾದದ್ದೆಂದು ಹೇಳಲು ಹಿಂಜರಿಯಬೇಕಿಲ್ಲ. 1760ಕ್ಕೆ ಮರಳಿಸಿದ್ದರೆ ಬಾಗಿಲ ಚೌಕಟ್ಟಿನ ಗೆರೆಗಳು ಅಳಿಯಬೇಕಿತ್ತು, 1880ರ ದಶಕದ ಬಣ್ಣ ಕೆರೆದು ಹೋಗಬೇಕಿತ್ತು, ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಮಾಡಿದ ದೊಡ್ಡ ಹಜಾರದ ಮಾಳಿಗೆ ಇಳಿಯಬೇಕಿತ್ತು. ಅದಕ್ಕಿಂತಲೂ ಗಂಭೀರವಾದ ಮಾತೆಂದರೆ, ಬೆಳ್ಳಿಯ ಚಹಾ ಪಾತ್ರೆ ಮತ್ತು ರೇಷ್ಮೆಯ ಪರದೆ ತುಂಬಿದ ಕೋಣೆಯಲ್ಲಿ ನಿಂತವನ ಮನಸ್ಸು ತಾನೇ ತಾನಾಗಿ ಒಡೆಯನ ಕುರ್ಚಿಯಲ್ಲಿ ಹೋಗಿ ಕೂರುತ್ತದೆ. ವಸ್ತುಗಳೆಲ್ಲ ಅವನವಾದ್ದರಿಂದ ಕಥೆಯೂ ಅವನದಾಗುತ್ತದೆ. ಬರಿದಾದ ಕೋಣೆಯಲ್ಲಿ ನೋಟಕ್ಕೆ ಸಿಗುವುದು ಹಲಗೆಯ ಸಂದು, ಉಳಿಯ ಏಟು, ಗಾರೆಯ ಬಾಗು. ಅಲ್ಲಿಂದ ಕೆಲಸದವರ ಕಡೆಗೆ ದಾರಿ ಹತ್ತಿರ. ಮನೆಯ ಸುತ್ತಲಿನ ಉತ್ಖನನಗಳಲ್ಲಿ ಆಮದಾದ ಪಿಂಗಾಣಿಯ ಜೊತೆಜೊತೆಗೇ ಕೊಲೊನೊವೇರ್ ಎಂಬ ಮಣ್ಣಿನ ಪಾತ್ರೆಗಳ ಚೂರುಗಳು ದೊರೆತಿವೆ. ತಿಗರಿಯಿಲ್ಲದೆ ಕೈಯಲ್ಲೇ ತಟ್ಟಿ, ತೆರೆದ ಬೆಂಕಿಯಲ್ಲಿ ಸುಟ್ಟ ಈ ಪಾತ್ರೆಗಳನ್ನು ಆಫ್ರಿಕನ್ ಗುಲಾಮರೂ ಅಮೆರಿಕದ ಮೂಲನಿವಾಸಿಗಳೂ ತಮ್ಮ ಅಡುಗೆ, ಊಟಕ್ಕೆಂದು ಮಾಡಿಕೊಳ್ಳುತ್ತಿದ್ದರು. ಕುಟುಂಬದ ಮೂಲ ಪೀಠೋಪಕರಣಗಳನ್ನೂ ಇಂಥ ಚೂರುಗಳನ್ನೂ ಈಗ ಮನೆಯ ಹೊರಗಿನ ಬೇರೆ ಕಟ್ಟಡದಲ್ಲಿ ಪ್ರದರ್ಶಿಸಲಾಗುತ್ತದೆ. ಇಂಥ ಮನೆಗಳನ್ನು ಮದುವೆಯ ಮಂಟಪಗಳಾಗಿ ಬಾಡಿಗೆಗೆ ಕೊಡುವುದರ ಬಗ್ಗೆ ಅಮೆರಿಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ತೀವ್ರ ಚರ್ಚೆ ನಡೆದಿದೆ. 2019ರ ಕೊನೆಯಲ್ಲಿ ಪಿಂಟರೆಸ್ಟ್‌ನಂಥ ಜಾಲತಾಣಗಳೇ ಪ್ಲಾಂಟೇಷನ್ ಮದುವೆಗಳಿಗೆ ಪ್ರಚಾರ ಕೊಡುವುದನ್ನು ತಗ್ಗಿಸಲು ಮುಂದಾದವು. ನೋವಿನ ನೆಲದ ಮೇಲೆ ಹೂಮಾಲೆ ತೂಗುಬಿಡುವುದು ಅಲ್ಲಿನ ಅನೇಕ ಕರಿಯರಿಗೆ ಸಹಿಸಲಾಗದ ಸಂಗತಿಯೆಂಬುದನ್ನು ಒಪ್ಪಲು ಇಷ್ಟು ಕಾಲ ಹಿಡಿಯಿತು.

ಮನೆಗೆ ಹೋಗುವ ದಾರಿಯ ಬದಿಯ ಮರಗಳ ನಡುವೆ ಗುಲಾಮರೂ ಅವರ ವಂಶಸ್ಥರೂ ಮಣ್ಣಾದ ಸ್ಮಶಾನವಿದೆ. ಕನಿಷ್ಠ 1790ರ ದಶಕದಿಂದ ಅಲ್ಲಿ ಶವಸಂಸ್ಕಾರ ನಡೆದಿದೆ, ಬಹುಪಾಲು ಗೋರಿಗಳ ಮೇಲೆ ಹೆಸರಿಲ್ಲ. ಅಲ್ಲಿ ಹುಲ್ಲುಹಾಸು ಬೆಳೆಸಿಲ್ಲ, ಗಿಡ ಕತ್ತರಿಸಿ ಅಂದಗೊಳಿಸಿಲ್ಲ. ಆ ತೀರ್ಮಾನದ ಹಿಂದೆ ಇರುವವರು 1908ರಲ್ಲಿ ಇದೇ ಎಸ್ಟೇಟಿನಲ್ಲಿ ಹುಟ್ಟಿದ ರಿಚ್ಮಂಡ್ ಬೋವೆನ್ಸ್. ಅವರ ಪೂರ್ವಿಕರು ಡ್ರೇಟನ್ನರ ಗುಲಾಮರಾಗಿದ್ದವರು. ಬೇರೆಡೆ ದುಡಿದು, ಮನೆ ಸಾರ್ವಜನಿಕರಿಗೆ ತೆರೆದ ಮೇಲೆ ಹಿಂದಿರುಗಿ ದ್ವಾರಪಾಲಕರಾಗಿ ಕೆಲಸಕ್ಕೆ ಸೇರಿದ ಬೋವೆನ್ಸ್, ಬಂದವರಿಗೆ ತಮ್ಮ ಹಿರಿಯರಿಂದ ಕೇಳಿದ್ದನ್ನೂ ತಾವು ಬಾಲ್ಯದಲ್ಲಿ ಕಂಡದ್ದನ್ನೂ ಹೇಳುತ್ತಿದ್ದರು. ರಸ್ತೆಯುದ್ದಕ್ಕೂ ಯಾರ ಗುಡಿಸಲು ಎಲ್ಲಿತ್ತು, ಯಾರು ಯಾರಿಗೆ ಏನಾಗಬೇಕು, ಯಾವ ಗಿಡದ ಬಳಿ ಯಾರ ಗೋರಿಯಿದೆ ಎಂಬುದೆಲ್ಲ ಅವರ ನೆನಪಿನಲ್ಲಿತ್ತು, ಅದನ್ನು ದಾಖಲಿಸಿಕೊಳ್ಳಲಾಯಿತು. ಮಲಗಿದವರನ್ನು ಮಲಗಿದ ಹಾಗೆಯೇ ಬಿಡಿ ಎಂಬ ಅವರ ಮಾತನ್ನು ಈಗ ಸ್ಮಶಾನದ ಪ್ರವೇಶದ್ವಾರದ ಕಮಾನಿನಲ್ಲಿ ಬರೆಯಲಾಗಿದೆ. 1998ರಲ್ಲಿ ಅವರೂ ಅಲ್ಲಿಯೇ ಮಣ್ಣಾದರು. ಡ್ರೇಟನ್ ಹಾಲಿನ ಒಡೆಯರ ಇತಿಹಾಸಕ್ಕೆ ದಿನಚರಿ, ಕರಾರುಪ್ರತಿ, ಉಯಿಲುಗಳ ಆಧಾರವಿರುವಂತೆ ಅಲ್ಲಿ ದುಡಿದವರ ಇತಿಹಾಸಕ್ಕೆ ಈ ಒಬ್ಬ ಮನುಷ್ಯ ಒಪ್ಪಿಸಿಹೋದ ನೆನಪುಗಳೇ ಮುಖ್ಯ ಆಕರಗಳಲ್ಲಿ ಒಂದಾಗಿವೆ, ಮತ್ತು ಅಲ್ಲಿನ ಇಂದಿನ ಸಂಶೋಧಕರು ಗುಲಾಮರ ವಂಶಸ್ಥರ ಕುಟುಂಬಗಳೊಂದಿಗೆ ಕೂತು ಆ ಕೆಲಸವನ್ನು ಮುಂದುವರಿಸಿದ್ದಾರೆ.